ಅಂಗಾಲು ಮುಟ್ಟಿ ನೋಡಿ

ಜನವರಿಯ ಒಂದು ಬೆಳಿಗ್ಗೆ ಇಂಡಿ ತಾಲ್ಲೂಕಿನ ಹಳ್ಳಿಯೊಂದಕ್ಕೆ ನರ್ಸಬಾಯಿಯೊಬ್ಬರ ಜೊತೆ ಹೋಗಿದ್ದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು. ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿತ್ತು. ತೂಕ ಎರಡು ಕೆಜಿಗಿಂತ ಕಡಿಮೆ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿತ್ತು, ಮಂಚದ ಕೆಳಗೆ ಕೆಂಡ, ಹೊಗೆಗೆ ನನ್ನ ಕಣ್ಣು ಉರಿಯುತ್ತಿತ್ತು. ನರ್ಸಬಾಯಿ ಕೂಸಿನ ಹೊಟ್ಟೆ ಮುಟ್ಟಿದರು, ಆಮೇಲೆ ಅಂಗಾಲು. ಕೂಸಿನ ಅಜ್ಜಿಯತ್ತ ತಿರುಗಿದರು.

"ಆಯಿ, ನೀವೂ ಮುಟ್ಟಿ ನೋಡ್ರಿ. ಹೊಟ್ಟಿ ಬೆಚ್ಚಗೈತಿ, ಕಾಲು ತಣ್ಣಗದಾವು. ಕೂಸಿಗೆ ಥಂಡಿ ಹತ್ತೈತಿ."

ಅರ್ಧ ಗಂಟೆ ಹಿಂದಷ್ಟೇ ಎರೆದಿದ್ದರು. ಕೂದಲು ಇನ್ನೂ ಹಸಿಯಿತ್ತು. ಹೊಟ್ಟೆಯೂ ತಣ್ಣಗಾಗಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕಿತ್ತು.

ಇಷ್ಟು ಕೆಂಡ ಇದ್ದೂ ಥಂಡಿ ಯಾಕೆ? ಹಂಡೆಯ ಬಿಸಿನೀರು ತಾಸುಗಟ್ಟಲೆ ಬಿಸಿ ಇರುತ್ತದೆ, ಅದೇ ನೀರು ತಂಬಿಗೆಯಲ್ಲಿ ಬೇಗ ಆರುತ್ತದೆ, ಅಲ್ವಾ? ಸಣ್ಣ ಮೈಗೆ ತೂಕಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ. ಆ ಚರ್ಮದ ಕೆಳಗೆ ಕೌದಿಯಂತೆ ಕಾಯುವ ಕೊಬ್ಬೂ ತೆಳು. ಮೇಲೆ ನೀರು ಆರುತ್ತಿದ್ದರೆ ಶಾಖವನ್ನು ಹೀರಿಕೊಂಡೇ ಆರುತ್ತದೆ.

ನಮಗೆ ಚಳಿಯಾದರೆ ನಡುಗುತ್ತೇವೆ. ಕೂಸಿಗೆ ಆ ದಾರಿ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕಿರುವುದು ಭುಜದ ಎಲುಬುಗಳ ನಡುವೆ, ಕುತ್ತಿಗೆಯ ಸುತ್ತ ಇರುವ ಕಂದು ಕೊಬ್ಬು. ಇದು ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟ. ಆಲಮಟ್ಟಿ ಅಣೆಕಟ್ಟನ್ನು ನೆನಪಿಸಿಕೊಳ್ಳಿ. ನಿಂತ ನೀರು ಟರ್ಬೈನ್ ತಿರುಗಿಸಿ ಇಳಿದರೆ ಕರೆಂಟು. ನಮ್ಮ ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದಲ್ಲೂ ಪ್ರೋಟಾನು ಎಂಬ ಸಣ್ಣ ಕಣಗಳು ಪೊರೆಯ ಒಂದು ಬದಿಗೆ ತುಂಬಿ ನಿಲ್ಲುತ್ತವೆ. ಸಣ್ಣದೊಂದು ಟರ್ಬೈನ್ ತಿರುಗಿಸಿ ಇಳಿದಾಗ ಎಟಿಪಿ, ಅಂದರೆ ಜೀವಕೋಶ ಬಳಸುವ ಇಂಧನ, ತಯಾರಾಗುತ್ತದೆ. ಕಂದು ಕೊಬ್ಬಿನಲ್ಲಿ ಯುಸಿಪಿ1 ಎಂಬ ಪ್ರೋಟೀನು ಗೇಟು ಎತ್ತಿಬಿಡುತ್ತದೆ. ಪ್ರೋಟಾನುಗಳು ಟರ್ಬೈನ್ ಬಿಟ್ಟು ಧುಮುಕುತ್ತವೆ. ಕರೆಂಟಿಲ್ಲ, ಬರೀ ಶಾಖ!

ಆದರೆ ಈ ಕೊಬ್ಬು ಜಮೆಯಾಗುವುದು ಬಸಿರಿನ ಕೊನೆಯ ತಿಂಗಳುಗಳಲ್ಲಿ. ಬೇಗ ಹುಟ್ಟಿದ ಕೂಸಿನ ಅಣೆಕಟ್ಟು ಅರ್ಧವೂ ತುಂಬಿರುವುದಿಲ್ಲ. ಇದ್ದದ್ದನ್ನು ಸುಡುತ್ತಾ ರಕ್ತದ ಸಕ್ಕರೆ ಇಳಿಯುತ್ತದೆ, ಕೂಸು ಮಂಕಾಗುತ್ತದೆ, ಹಾಲು ಕುಡಿಯುವುದಿಲ್ಲ. ಕುಡಿಯದಿದ್ದರೆ ಸುಡಲು ಇನ್ನೂ ಕಡಿಮೆ. ಇಂಥ ಮಂಕು ಕೂಸಿಗೆ "ಗಾಳಿ ಸೋಕಿದೆ" ಎಂದು ಕೆಲವು ಕಡೆ ಇನ್ನೂ ಬರೆ ಹಾಕುತ್ತಾರೆ. ತನ್ನ ಮೈ ಕಾಯಿಸಿಕೊಳ್ಳಲಾರದ ಜೀವಕ್ಕೆ ಸುಟ್ಟ ಗಾಯ ಬೇರೆ! ನೆನೆದರೆ ನನಗೆ ಸಂಕಟವಾಗುತ್ತದೆ.

ಕೆಂಡಕ್ಕಿಂತ ಒಳ್ಳೆಯ ಒಲೆ ತಾಯಿಯ ಎದೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್‌ ಸಾಲದಿದ್ದಾಗ ಡಾಕ್ಟರ್ ಎಡ್ಗರ್ ರೇ ಸಣ್ಣ ಕೂಸುಗಳನ್ನು ತಾಯಂದಿರ ಬರಿ ಎದೆಗೆ ಒರಗಿಸಿ ಕಟ್ಟಿಸಿದರು. ಅದೇ ಇವತ್ತಿನ ಕಾಂಗರೂ ಆರೈಕೆ. ನಮಗೆ ಇನ್ನೂ ಹತ್ತಿರದ ಕಥೆ ಮಹಾರಾಷ್ಟ್ರದ ಗಡಚಿರೋಲಿಯದು. ಅಭಯ್ ಬಂಗ್, ರಾಣಿ ಬಂಗ್ ಎಂಬ ವೈದ್ಯ ದಂಪತಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಬಾಣಂತಿಯರ ಮನೆಗೆ ಕಳಿಸಿದರು. 39 ಹಳ್ಳಿಗಳಲ್ಲಿ ಮೂರನೇ ವರ್ಷಕ್ಕೆ ನವಜಾತ ಶಿಶುಗಳ ಸಾವು 62% ಇಳಿದಿತ್ತು. 1999ರಲ್ಲಿ ಆ ವರದಿ ಪ್ರಕಟವಾಯಿತು. 2011ರಿಂದ ದೇಶದ ಆಶಾ ಕಾರ್ಯಕರ್ತೆಯರೂ ಇದೇ ಕೆಲಸ ಮಾಡುತ್ತಿದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28, 42ನೇ ದಿನ ಮನೆಗೆ ಬರುತ್ತಾರೆ.

ಹಸಿ ಕೂದಲು, ಹೊಗೆ, ಮುಚ್ಚಿದ ಕಿಟಕಿ ಮನೆಗೆ ಬಂದವರಿಗಷ್ಟೇ ಕಾಣುತ್ತವೆ.

ನರ್ಸಬಾಯಿ ಕೂಸಿನ ತಲೆ ಒರೆಸಿ ಕುಲಾವಿ ಹಾಕಿದರು. ತಾಯಿಯ ಎದೆಗೆ ಒರಗಿಸಿ ಹಳೆಯ ಇಳಕಲ್ ಸೀರೆಯಿಂದ ಕಟ್ಟಿದರು. ಕೆಂಡ ಹೊರಗೆ ಹೋಯಿತು. ಆಮೇಲೆ ಆಸ್ಪತ್ರೆಯ ಚೀಟಿ ಕೇಳಿದರು. ಅದರಲ್ಲಿ ಗಂಡನ ಊರಿನ ವಿಳಾಸವಿತ್ತು. ಬಾಣಂತಿ ಇದ್ದದ್ದು ತವರಿನಲ್ಲಿ. ಗಂಡನ ಊರಿನ ಆಶಾ ಮೂರು ದಿನ ಮೊದಲೇ ಅಲ್ಲಿ ಬಾಗಿಲು ತಟ್ಟಿ ವಾಪಸು ಹೋಗಿದ್ದರಂತೆ. ನರ್ಸಬಾಯಿ ಚೀಟಿಯ ಮೇಲೆ ತವರಿನ ಹೆಸರು, ಆಯಿಯ ಫೋನ್ ನಂಬರು ಬರೆದುಕೊಂಡರು. ಅಷ್ಟರಲ್ಲಿ ಆಯಿ ಸೀರೆಯೊಳಗೆ ಕೈ ಹಾಕಿ ಮತ್ತೆ ಅಂಗಾಲು ಮುಟ್ಟಿ ನೋಡುತ್ತಿದ್ದರು.