ಡಿಕಾಕರ್ ಒತ್ತಿದರೆ ಬೀಗ ಬೀಳುವುದಿಲ್ಲ

‘ಸಿಗ್ ಪಿ226ರ ಡಿಕಾಕರ್ ಒತ್ತಿ ಲಾಕ್ ಮಾಡಿದ.’ ಮೊನ್ನೆ ಒಂದು ಪತ್ತೇದಾರಿ ಕಥೆಯಲ್ಲಿ ಓದಿದ ವಾಕ್ಯವಿದು; ಸಿಗ್ ಪಿ226 ಎಂಬುದು ಒಂದು ಪಿಸ್ತೂಲು. ಇಂಥದ್ದನ್ನು ಇನ್ನೆಷ್ಟು ಸಲ ಓದಬೇಕು? ಡಿಕಾಕರ್ ಬೀಗವಲ್ಲ. ಹೊಡೆದು ಗುಂಡು ಸಿಡಿಸುವ ಭಾಗವಾದ ಹ್ಯಾಮರ್ ಎತ್ತಿ ನಿಂತಿರುವಾಗ ಅದನ್ನು ಗುಂಡು ಹಾರದಂತೆ ಕೆಳಗಿಳಿಸುವ ಲಿವರ್ ಅದು. ಅದರ ಕೆಲಸ ಅಷ್ಟೇ.

ಅರ್ಥ ಪದದೊಳಗೇ ಇದೆ. ಹಳೆಯ ಬಂದೂಕುಗಳಲ್ಲಿ ಹ್ಯಾಮರಿನ ಜಾಗದಲ್ಲಿದ್ದು, ಚಕಮಕಿ ಕಲ್ಲನ್ನು ಕಚ್ಚಿಕೊಂಡು ಮುಂದಕ್ಕೆ ಕುಕ್ಕುತ್ತಿದ್ದ ಭಾಗ ಹುಂಜದ ತಲೆಯ ಹಾಗೆ ಕಾಣುತ್ತಿತ್ತು. ಇಂಗ್ಲಿಷರು ಅದನ್ನು ‘ಕಾಕ್’ ಎಂದರು. ಜರ್ಮನ್ನರ ‘ಹಾನ್’ ಕೂಡ ಹುಂಜವೇ. ನಮ್ಮಲ್ಲಿ ಅದೇ ಭಾಗಕ್ಕೆ ಕುದುರೆ ಎಂಬ ಹೆಸರು ಬಂತು. ಎತ್ತಿ ನಿಲ್ಲಿಸಿದರೆ ಕಾಕ್, ಇಳಿಸಿದರೆ ಡಿಕಾಕ್. ‘ಕುದುರೆ ಇಳಿಸುವ ಲಿವರ್’ ಎಂದು ಮೊದಲಿನಿಂದಲೂ ಬರೆದಿದ್ದರೆ ಬೀಗದ ಗೊಂದಲ ಹುಟ್ಟುತ್ತಲೇ ಇರಲಿಲ್ಲ. ಇಷ್ಟು ಒಳ್ಳೆಯ ಪದವನ್ನು ಕೈಬಿಟ್ಟೆವಲ್ಲ ಎಂಬ ಬೇಸರ ನನಗೆ ಹೋಗಿಲ್ಲ.

ಗೊಂದಲಕ್ಕೆ ಬೆರೆಟ್ಟಾ 92 ಕೂಡ ಕಾರಣವಿರಬೇಕು. ಅಮೆರಿಕದ ಸೇನೆ 1985ರಲ್ಲಿ ಎಂ9 ಎಂಬ ಹೆಸರಿನಲ್ಲಿ ಆರಿಸಿಕೊಂಡ ಈ ಪಿಸ್ತೂಲಿನಲ್ಲಿ ಒಂದೇ ಲಿವರ್ ಎರಡು ಕೆಲಸ ಮಾಡುತ್ತದೆ. ಹೆಬ್ಬೆರಳನ್ನು ಸ್ಲೈಡಿನವರೆಗೆ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಚಾಚಿ ಕೆಳಕ್ಕೆ ತಳ್ಳಿದರೆ ಕುದುರೆ ಟಪ್ಪನೆ ಬೀಳುತ್ತದೆ. ಲಿವರ್ ಕೆಳಗೇ ಉಳಿದು ಸೇಫ್ಟಿಯಾಗುತ್ತದೆ, ಟ್ರಿಗರ್ ಎಳೆದರೂ ಏನೂ ಆಗದು. ಅದರದೇ ‘ಜಿ’ ಮಾದರಿಯಲ್ಲಿ ಬೆರಳು ತೆಗೆದ ಕೂಡಲೇ ಲಿವರ್ ಮೇಲಕ್ಕೆ ಮರಳುತ್ತದೆ, ಸೇಫ್ಟಿ ಇಲ್ಲ. ಸಿಗ್ ಪಿ226ರಲ್ಲಿ ಲಿವರ್ ಇರುವುದು ಸ್ಲೈಡಿನಲ್ಲಲ್ಲ, ಹಿಡಿಯ ಎಡಬದಿಯಲ್ಲಿ. ಒತ್ತಿ ಬಿಟ್ಟರೆ ಅದೂ ಮೇಲೇಳುತ್ತದೆ. ‘ಸಿಜೆಡ್ 75 ಬಿಡಿ’ ಎಂಬ ಪಿಸ್ತೂಲಿನಲ್ಲಿ ಕುದುರೆ ಪೂರ್ತಿ ಇಳಿಯದೆ ಅರ್ಧದಲ್ಲೇ ನಿಲ್ಲುವುದರಿಂದ ಟ್ರಿಗರಿನ ಮೊದಲ ಎಳೆತ ತುಸು ಗಿಡ್ಡ.

ಕುದುರೆ ಇಳಿದ ಮಾತ್ರಕ್ಕೆ ಚೇಂಬರಿನಲ್ಲಿ, ಅಂದರೆ ನಳಿಗೆಯ ಬುಡದಲ್ಲಿ, ಕೂತ ಗುಂಡು ಎಲ್ಲಿಗೂ ಹೋಗಿರುವುದಿಲ್ಲ. ಪಿ226ರ ಟ್ರಿಗರ್ ಎಳೆದರೆ ಕುದುರೆ ಎದ್ದು, ಬಿದ್ದು, ಗುಂಡು ಹಾರುತ್ತದೆ. ಮೊದಲ ಎಳೆತಕ್ಕೆ ಸುಮಾರು ನಾಲ್ಕೂವರೆ ಕಿಲೋ ಬಲ ಬೇಕು, ಮುಂದಿನವಕ್ಕೆ ಸುಮಾರು ಎರಡು ಕಿಲೋ ಸಾಕು. ಸೊಂಟದಲ್ಲಿರುವಾಗ ಆ ಉದ್ದನೆಯ, ಭಾರದ ಎಳೆತವನ್ನೇ ನೆಚ್ಚಿಕೊಳ್ಳಬೇಕು. ಕೋಲ್ಟ್ 1911ರ ದಾರಿಯೇ ಬೇರೆ: ಕುದುರೆ ಎತ್ತಿಟ್ಟು, ಸೇಫ್ಟಿ ಹಾಕಿ ಒಯ್ಯುತ್ತಾರೆ. ಅದಕ್ಕೆ ಡಿಕಾಕರ್ ಇಲ್ಲ.

ಆ ಕಥೆಯ ವಾಕ್ಯ ‘ಕುದುರೆ ಇಳಿಸಿ ಒರೆಗೆ ಸೇರಿಸಿದ’ ಎಂದಿರಬೇಕಿತ್ತು. ಮುಂದಿನ ಪುಟದಲ್ಲಿ ಅದೇ ಪಿಸ್ತೂಲನ್ನು ‘ಲಾಕ್ ಆಗಿದೆ’ ಎಂದು ಮಗುವಿನ ಕೈಗೆ ಕೊಡುತ್ತಾನೆ.