ಗಗನಚುಂಬಿ: ಮುಟ್ಟುವುದಷ್ಟೇ ಸಾಲದು

ಶಾಂಘೈ ನಗರದ ಓರಿಯಂಟಲ್ ಪರ್ಲ್ ಅನ್ನು ‘ಗಗನಚುಂಬಿ’ ಎಂದೂ, ಅದರ ಹತ್ತಿರದಲ್ಲೇ ಇರುವ ಶಾಂಘೈ ಟವರ್ ಅನ್ನು ‘ಗೋಪುರ’ ಎಂದೂ ಬರೆದಿರುವುದನ್ನು ಮತ್ತೆ ಮತ್ತೆ ಓದಿದ್ದೇನೆ. ಎರಡೂ ತಪ್ಪು, ಹೆಸರುಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ.

ಮೊದಲು ಪದದ ವಿಚಾರ. ಗಗನವನ್ನು ಚುಂಬಿಸುವಂಥದು ಗಗನಚುಂಬಿ. ಇದು ಮೂಲತಃ ವಿಶೇಷಣವಾದರೂ ಇಂದು ನಾಮಪದವಾಗಿಯೂ ನಿಂತಿದೆ, ಅದಕ್ಕೆ ಆಕ್ಷೇಪವಿಲ್ಲ. ಆದರೆ ‘ಗಗನಚುಂಬಿತ ಕಟ್ಟಡ’ ಎಂಬ ರೂಪವನ್ನು ಒಪ್ಪಲಾಗದು: ಚುಂಬಿತ ಎಂದರೆ ಚುಂಬಿಸಲ್ಪಟ್ಟದ್ದು, ಹಾಗೆ ಬರೆದಾಗ ಆಕಾಶವೇ ಬಾಗಿ ಬಂದು ಕಟ್ಟಡಕ್ಕೆ ಮುತ್ತಿಟ್ಟಂತಾಗುತ್ತದೆ. ಇಂಗ್ಲಿಷಿನ ಸ್ಕೈಸ್ಕ್ರೇಪರ್ ಆಕಾಶವನ್ನು ಕೆರೆಯುತ್ತದೆ; 1880ರ ದಶಕದಲ್ಲಿ ಶಿಕಾಗೊದ ಕಟ್ಟಡಗಳಿಗೆ ಅಂಟಿಕೊಳ್ಳುವ ಮೊದಲು ಅದು ಹಡಗಿನ ತುತ್ತತುದಿಯ ಹಾಯಿಯ ಹೆಸರಾಗಿತ್ತು. ಜರ್ಮನ್ ಪದ ಕೆರೆಯುವುದು ಮೋಡವನ್ನು. ಈ ಕಲ್ಪನೆ ಪಶ್ಚಿಮದಿಂದಲೇ ಬಂದದ್ದೆಂದು ನಂಬುವವರು ಸಂಸ್ಕೃತದ ‘ಅಭ್ರಂಕಷ’ವನ್ನು ಗಮನಿಸಬೇಕು. ಅಭ್ರವೆಂದರೆ ಮೋಡ, ಕಷ್ ಧಾತುವಿಗೆ ಉಜ್ಜು ಎಂದರ್ಥ. ಈ ರೂಪಕ್ಕೆ ಪಾಣಿನಿಯ ಸೂತ್ರವೇ ಇದೆ. ಅದರ ಜೋಡಿ ಪದ ‘ಅಭ್ರಂಲಿಹ’, ಎಂದರೆ ಮೋಡವನ್ನು ನೆಕ್ಕುವಂಥದು. ಮೇಘದೂತದಲ್ಲಿ ಅಲಕಾಪುರಿಯ ಪ್ರಾಸಾದಗಳು ‘ಅಭ್ರಂಲಿಹಾಗ್ರ’ಗಳು, ಮೋಡ ನೆಕ್ಕುವ ತುದಿಯುಳ್ಳವು. ಕೆರೆಯುವ, ಉಜ್ಜುವ, ನೆಕ್ಕುವ ಕ್ರಿಯೆಗಳ ನಡುವೆ ನಮ್ಮ ಬಳಕೆಗೆ ಒದಗಿದ್ದು ಮುತ್ತು, ಮತ್ತು ಅದು ನನಗೆ ಬಹಳ ಇಷ್ಟ.

ಅಲಕೆಯವು ಪ್ರಾಸಾದಗಳು, ಅಂದರೆ ಜನ ವಾಸಿಸುವ ಮಹಡಿಮನೆಗಳು, ಎಂಬುದೇ ಇಲ್ಲಿ ಮುಖ್ಯ. ಎತ್ತರದ ಕಟ್ಟಡಗಳ ದಾಖಲೆಯಿಡುವ ಅಂತರರಾಷ್ಟ್ರೀಯ ಮಂಡಳಿಯೂ, ಎತ್ತರದ ಕನಿಷ್ಠ ಅರ್ಧಭಾಗವಾದರೂ ಬಳಕೆಯ ಅಂತಸ್ತುಗಳಿಂದ ತುಂಬಿರದಿದ್ದರೆ ಅದನ್ನು ಕಟ್ಟಡವೆಂದು ಎಣಿಸುವುದಿಲ್ಲ. ಓರಿಯಂಟಲ್ ಪರ್ಲ್ 468 ಮೀಟರ್ ಎತ್ತರವಿದ್ದರೂ ಕಾಂಕ್ರೀಟ್ ಕಂಬಗಳ ಮೇಲೆ ಗೋಳಗಳನ್ನು ಪೋಣಿಸಿದ ರೇಡಿಯೊ ಮತ್ತು ಟಿ.ವಿ. ಪ್ರಸಾರ ಗೋಪುರ. 632 ಮೀಟರಿನ ಶಾಂಘೈ ಟವರ್ ಒಳಗೋ, ಕಚೇರಿ, ಹೋಟೆಲುಗಳ 128 ಅಂತಸ್ತುಗಳಿವೆ. ಗಾಳಿಯ ಒತ್ತಡವನ್ನು ತಗ್ಗಿಸಲೆಂದು ಅದರ ಮೈಯನ್ನು ಮೇಲೇರಿದಂತೆಲ್ಲ ತಿರುಚಿ ಕಟ್ಟಿದ್ದಾರೆ.

ಗೊಂದಲದ ಮೂಲ ಇಂಗ್ಲಿಷಿನ ‘ಟವರ್’ ಪದದಲ್ಲಿದೆ, ಏಕೆಂದರೆ ಅದು ಎರಡಕ್ಕೂ ಸಲ್ಲುತ್ತದೆ. ಚೀನೀ ಹೆಸರುಗಳಲ್ಲಿ ಈ ತೊಡಕಿಲ್ಲ: ಓರಿಯಂಟಲ್ ಪರ್ಲ್ ‘ತಾ’, ಅಂದರೆ ಗೋಪುರ; ಶಾಂಘೈ ಟವರ್ ‘ದಾಶಾ’, ಅಂದರೆ ಮಹಾಕಟ್ಟಡ. ಹುವಾಂಗ್‌ಪು ನದಿಯಾಚೆಯ ಪುಡಾಂಗ್ ದಂಡೆಯಲ್ಲಿ ಹೊಸ ಶಾಂಘೈ ಎದ್ದಾಗ ಅದರ ಗುರುತಾಗಿ ಮೊದಲು ನಿಂತದ್ದು 1990ರ ದಶಕದ ಆ ‘ತಾ’. ಶಾಂಘೈ ಟವರ್ ಸೇರಿ ಮೂರು ಬೃಹತ್ ಗಗನಚುಂಬಿಗಳು ಅದನ್ನು ಹಿಂಬಾಲಿಸಿದವು. ಇಂದು ಆ ನಗರದ ಚಿತ್ರದಲ್ಲಿ ಎರಡು ಜಾತಿಯ ರಚನೆಗಳೂ ಅಕ್ಕಪಕ್ಕದಲ್ಲೇ ಕಾಣುವುದರಿಂದ, ಚಿತ್ರದ ಅಡಿಬರಹ ಬರೆಯುವವರು ಯಾವುದು ಯಾವುದೆಂದು ನೋಡಿಯೇ ಬರೆಯಬಹುದು.