ನಡುಹಗಲಿನ ಬಿಸಿಲಿಗೆ ಥರ್ಮಾಕೋಲ್ ಸಾಕೇ?

ಪ್ರಶ್ನೆ: ಶಿಡ್ಲಘಟ್ಟದ ನಮ್ಮ ಮನೆಯ ಅಂಗಳದಲ್ಲಿ ಮಧ್ಯಾಹ್ನ ಫೋಟೋ ತೆಗೆದರೆ ಅಜ್ಜಿಯ ಕಣ್ಣುಗಳು ಕಪ್ಪು ಗುಳಿಗಳಂತೆ ಕಾಣುತ್ತವೆ. ಬೆಳಕನ್ನು ಮುಖದ ಕಡೆಗೆ ತಿರುಗಿಸುವ ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಕೊಳ್ಳಬೇಕೇ, ಥರ್ಮಾಕೋಲ್ ಹಾಳೆ ಸಾಕೇ?

ಉತ್ತರ: ಥರ್ಮಾಕೋಲ್ ಸಾಕು, ಆದರೆ ಅದನ್ನು ನೀವು ಅಂದುಕೊಂಡದ್ದಕ್ಕಿಂತ ಹತ್ತಿರ ಹಿಡಿಯಬೇಕಾಗುತ್ತದೆ. ಅದರ ಹೊಳಪಿಲ್ಲದ ಬಿಳುಪು ತನ್ನ ಮೇಲೆ ಬಿದ್ದ ಬಿಸಿಲನ್ನು ಎಲ್ಲ ದಿಕ್ಕಿಗೂ ಚೆದುರಿಸುವುದರಿಂದ, ಮುಖದಿಂದ ಎರಡು ಮೂರು ಅಡಿಯೊಳಗೆ ನೆರಳನ್ನು ಮೆದುವಾಗಿ ತುಂಬುವ ಬೆಳಕು ಎಂಟು ಹತ್ತು ಅಡಿ ದೂರದಲ್ಲಿ ಇದ್ದೂ ಇಲ್ಲದಂತಾಗುತ್ತದೆ. ಬೆಳ್ಳಿಯ ಮೇಲ್ಮೈಗೆ ಕನ್ನಡಿಯ ಗುಣವಿದೆ, ಬೆಳಕನ್ನು ಒಂದೇ ಕಡೆಗೆ ದೂರದವರೆಗೂ ಎಸೆಯುತ್ತದೆ. ಮದುವೆಯ ಗುಂಪು ಫೋಟೋಗೆ ಅದು ಒದಗೀತು, ವಯಸ್ಸಾದವರು ಅದರೆದುರು ಕಣ್ಣು ಬಿಡಲಾರರು. ಚಿನ್ನದ ಬಣ್ಣದ್ದನ್ನು ನಾನಂತೂ ಬಳಸುವುದಿಲ್ಲ, ಮುಖಕ್ಕೆ ಅರಿಶಿನ ಬಳಿದಂತೆ ಕಾಣುತ್ತದೆ.

ಅಜ್ಜಿಯನ್ನು ಅಂಗಳದ ನಡುವಿನಿಂದ ಎಬ್ಬಿಸಿ ಜಗಲಿಯ ಅಂಚಿನ ನೆರಳಿಗೆ ತಂದು ಕೂರಿಸಿ, ಹಾಳೆ ಮಾತ್ರ ಬಿಸಿಲಿನಲ್ಲಿರಲಿ. ಅದನ್ನು ನೆಲಕ್ಕೆ ಹಾಕಿದರೆ ಬೆಳಕು ಗಲ್ಲದ ಕೆಳಗಿನಿಂದ ಏರಿ ಮುಖ ಬಯಲಾಟದ ರಾಕ್ಷಸನಂತಾಗುತ್ತದೆ. ಆದ್ದರಿಂದ ಒಬ್ಬರು ಅದನ್ನು ಅಜ್ಜಿಯ ಎದೆಯ ಮಟ್ಟಕ್ಕೆ, ಕೊಂಚ ಪಕ್ಕಕ್ಕೆ ಎತ್ತಿ ಹಿಡಿಯಬೇಕು. ನಡುಹಗಲಿನ ಸೂರ್ಯ ನೆತ್ತಿಯ ಮೇಲಿರುವುದರಿಂದ ಹಾಳೆಯ ಮೇಲಂಚು ಅವರಿಂದ ಆಚೆಗೆ ವಾಲಿರಲಿ. ಆಮೇಲೆ ಅವರ ಕಣ್ಣನ್ನೇ ನೋಡುತ್ತ ಹಾಳೆಯನ್ನು ನಿಧಾನವಾಗಿ ತಿರುಗಿಸುತ್ತ ಬನ್ನಿ, ಪಾಪೆಯಲ್ಲಿ ಬಿಳಿಯ ಚೂರೊಂದು ಮೂಡಿದೊಡನೆ ನಿಲ್ಲಿಸಿ.

ಒಂದು ಎಚ್ಚರಿಕೆ: ನಿಮ್ಮ ಸೀಮೆಯ ಕೆಮ್ಮಣ್ಣು ತಾನೇ ಒಂದು ರಿಫ್ಲೆಕ್ಟರ್. ಅಂಗಳದ ಮಣ್ಣಿಗೆ ಬಡಿದ ಬಿಸಿಲು ಗಲ್ಲದಡಿಗೆ ಕೆಂಪನ್ನು ಹಚ್ಚುತ್ತದೆ, ಕ್ಯಾಮೆರಾದಲ್ಲಿ ಬಣ್ಣ ಸರಿಪಡಿಸಲು ಹೋದರೆ ಹಣೆ ನೀಲಿಗೆ ತಿರುಗುತ್ತದೆ. ಚೌಕಟ್ಟಿನ ಹೊರಗೆ ನೆಲದ ಮೇಲೊಂದು ಬಿಳಿ ಪಂಚೆ ಹಾಸಿದರೆ ಈ ತೊಂದರೆ ತಪ್ಪುತ್ತದೆ.

ನೀವು ಕೇಳದಿದ್ದರೂ ಕಪ್ಪು ರಟ್ಟಿನ ಮಾತನ್ನು ಸೇರಿಸುತ್ತೇನೆ, ಏಕೆಂದರೆ ಬೆಳಕು ಹೆಚ್ಚಿರುವ ಕಡೆ ಅದನ್ನು ಕಳೆಯುವುದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ನಿಮ್ಮೂರಿನ ಬಿಳಿ ರೇಷ್ಮೆಗೂಡೊಂದನ್ನು ಮೋಡದ ದಿನ ಮೇಜಿನ ಮೇಲಿಟ್ಟು ಫೋಟೋ ತೆಗೆಯಿರಿ, ಕಾಗದದಿಂದ ಕತ್ತರಿಸಿಟ್ಟಂತೆ ಚಪ್ಪಟೆಯಾಗಿ ಕಾಣುತ್ತದೆ. ಒಂದು ಪಕ್ಕಕ್ಕೆ ಗೇಣು ದೂರದಲ್ಲಿ ಕಪ್ಪು ರಟ್ಟನ್ನು ನಿಲ್ಲಿಸಿದರೆ ಆ ಬದಿಯ ಬೆಳಕು ತಡೆದು, ಗೂಡಿನ ಉರುಟುತನವೂ ಮೇಲಿನ ಎಳೆಗಳ ಜಾಲವೂ ಎದ್ದು ಬರುತ್ತವೆ. ಸುಣ್ಣ ಬಳಿದ ಗೋಡೆಗಳ ನಡುವಿನ ಜಗಲಿಯಲ್ಲಿ ಅಜ್ಜಿಯ ಮುಖವೂ ಹೀಗೆಯೇ ಚಪ್ಪಟೆಯಾದರೆ, ಒಂದು ಬದಿಗೆ ಕರಿ ಕಂಬಳಿ ತೂಗುಹಾಕಿ ನೋಡಿ.